ಕೋಳಿಯ ಕುರ್ಚಿ

ಮೂವತ್ತೆರಡು ವರ್ಷ ಜನರ ಕುತ್ತಿಗೆಯ ಮೇಲೆ ಕತ್ತಿ ಆಡಿಸಿ, ಒಬ್ಬರ ಬಾಯಿಂದಲೂ ಅಯ್ಯೋ ಅನ್ನಿಸಿಕೊಳ್ಳದ ಕ್ಷೌರಿಕ ಅವನು. ಬೀದಿಯವರು ಅವನಿಗೆ ಮೆತ್ತಗೈ ಎಂದೇ ಹೆಸರಿಟ್ಟಿದ್ದರು. ನಿಜ ಹೇಳಬೇಕೆಂದರೆ ಅವನ ಬಂಡವಾಳ ಕೈಯಲ್ಲ, ಬಾಯಿ. ಗಿರಾಕಿಗೆ ಬಟ್ಟೆ ಹೊದಿಸುವಷ್ಟರಲ್ಲಿ ಯಾವುದೋ ಕಥೆ ಶುರುವಾಗಿರುತ್ತಿತ್ತು. ಕೇಳುತ್ತ ಕೇಳುತ್ತ ಗಿರಾಕಿಯ ಬಿಗಿದ ಹೆಗಲು ಸಡಿಲವಾಗುತ್ತಿತ್ತು, ಅಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಹೀಗೆ ದಿನವಿಡೀ ವಟಗುಟ್ಟಿದವನು ಸಂಜೆ ಮನೆಗೆ ಬಂದರೆ ತುಟಿ ಹೊಲಿದುಕೊಂಡವನಂತೆ ಕೂತುಬಿಡುತ್ತಿದ್ದ. ಹೂಂ, ಉಹೂಂ, ಅಷ್ಟೇ. ಮಗಳು ಮದುವೆಯಾಗಿ ಹೋದಮೇಲೆ ಅವನ ಹೆಂಡತಿಗೆ ಮನೆಯಲ್ಲಿ ಮಾತಿಗೆ ಯಾರೂ ಉಳಿಯಲಿಲ್ಲ. ಆಗ ಬಂದದ್ದು ಕೋಳಿ.

ಬಂತು ಅನ್ನುವುದಕ್ಕಿಂತ ಬಿತ್ತು ಅನ್ನಬೇಕು. ತಿರುವಿನಲ್ಲಿ ಕೋಳಿ ಲಾರಿಯಿಂದ ಜಾರಿ ನಡುರಸ್ತೆಗೆ ಬಿದ್ದದ್ದನ್ನು ಅವಳು ತರಕಾರಿ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು. ಲಾರಿ ಹತ್ತಿ ಬಂದದ್ದಕ್ಕೆ ಸವಾರಿ ಎಂದು ಹೆಸರಿಟ್ಟಳು. ಆರು ತಿಂಗಳಲ್ಲಿ ಸವಾರಿ ಮೈತುಂಬಿಕೊಂಡು ಮೊಟ್ಟೆ ಇಡತೊಡಗಿತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಅವಳು ಹೇಳಿದ್ದನ್ನೆಲ್ಲ ಕತ್ತು ಓರೆ ಮಾಡಿ ಕೇಳುತ್ತಿತ್ತು. ಮಗಳ ಸುದ್ದಿ, ಮಂಡಿನೋವು, ಪಕ್ಕದ ಮನೆಯ ನೀರಿನ ಜಗಳ ಎಲ್ಲವೂ ಕೋಳಿಗೆ ವರದಿಯಾಗುವುದು ಗೋಡೆಯ ಈಚೆ ಅವನ ಕಿವಿಗೂ ಬೀಳುತ್ತಿತ್ತು. ತನಗೆ ಬರಬೇಕಾದ ಮಾತು ಅದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ, ಸುಮ್ಮನಿರುವುದು ಸುಲಭವಾಗಿತ್ತು.

ಒಂದು ದಿನ ಸವಾರಿ ಮೊಟ್ಟೆ ನಿಲ್ಲಿಸಿತು. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಬಾಲದ ಕೆಳಗಿನ ಪುಕ್ಕಗಳು ಬಿಳಿ ಅಂಟಿನಲ್ಲಿ ಗಂಟುಕಟ್ಟಿದ್ದವು, ಮೊಟ್ಟೆ ಬರುವ ಜಾಗ ಕೆಂಪಗೆ ಬಾತಿತ್ತು. ಪಶುವೈದ್ಯರು ಸೋಂಕು ಎಂದರು. ಸುತ್ತಲಿನ ಪುಕ್ಕ ಕತ್ತರಿಸಿ, ದಿನವೂ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಮುಲಾಮು ಹಚ್ಚಬೇಕು. ಎರಡು ವಾರ ಒಂದು ದಿನವೂ ತಪ್ಪಕೂಡದು. ಒಳಗೆ ಹರಡಿದರೆ ತಮ್ಮ ಕೈಮೀರುತ್ತದೆ ಎಂದೂ ಹೇಳಿ ಕಳಿಸಿದರು. ಹೆಂಡತಿಯ ಬೆರಳುಗಳಿಗೆ ಕತ್ತರಿ ಹಿಡಿಯುವ ಬಲವಿರಲಿಲ್ಲ. ಕೆಲಸ ಮೆತ್ತಗೈಯ ಪಾಲಿಗೆ ಬಂತು.

ಮೊದಲ ಸಂಜೆ ಉಸಿರು ಬಿಗಿಹಿಡಿದು, ಬಾಯಿ ಮುಚ್ಚಿಕೊಂಡು ಕೂತ. ಮದುಮಗನ ಕೆನ್ನೆಗೂದಲಿನಷ್ಟು ಒಪ್ಪವಾಗಿ ಪುಕ್ಕ ಕತ್ತರಿಸಿದ. ತೊಳೆದ, ಒರೆಸಿದ. ಅಲ್ಲಿಗೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಆದರೆ ಮೂವತ್ತೆರಡು ವರ್ಷದ ಅಭ್ಯಾಸದ ಕೈ ಯಾರನ್ನೂ ಕೇಳದೆ ಚೀಲದಿಂದ ಶೇವಿಂಗ್ ಲೋಷನ್ ತೆಗೆದು, ಅಂಗೈಗೆ ಸುರಿದುಕೊಂಡು, ಆ ಹಸಿ ಚರ್ಮದ ಮೇಲೆ ತಟ್ಟಿಯೇಬಿಟ್ಟಿತು.

ಸವಾರಿ ಕಿರುಚಿದ್ದು ಮೂರು ಮನೆಗೆ ಕೇಳಿಸಿತು. ಬೋಗುಣಿ ಉರುಳಿಸಿ ಒಗೆಯುವ ಕಲ್ಲಿನ ಹಿಂದೆ ಸೇರಿಕೊಂಡಿತು. ಮರುದಿನದಿಂದ ಅವನ ನೆರಳು ಕಂಡರೆ ಓಟ. ಹಿಡಿದರೆ ಒದ್ದಾಟ. ಮುಲಾಮು ಅವನ ಅಂಗಿಗೆ, ಮೀಸೆಗೆ ಹತ್ತಿತೇ ವಿನಾ ಬೇಕಾದ ಜಾಗಕ್ಕೆ ಹತ್ತಲಿಲ್ಲ. ಐದನೇ ದಿನ ಅದು ಕಾಳು ಮುಟ್ಟಲಿಲ್ಲ, ಕೆಂಪು ಇನ್ನಷ್ಟು ಹರಡಿತ್ತು.

ಹೆಂಡತಿ ಬೈಯಲಿಲ್ಲ. ಉಪ್ಪು ಇದೆಯಾ ಅಂತ ಕೇಳುವ ದನಿಯಲ್ಲಿ ಕೇಳಿದಳು. "ಅದೂ ಹೋದ್ರೆ ಈ ಮನೇಲಿ ನಾನು ಯಾರ ಹತ್ರ ಮಾತಾಡ್ಲಿ?"

ಅವನು ಮೀಸೆಗೆ ಹತ್ತಿದ ಮುಲಾಮು ಒರೆಸಿಕೊಂಡ.

ಮರುದಿನ ಅಂಗಡಿಗೆ ಕುತ್ತಿಗೆಯ ಮೇಲೆ ಕುರುವಾದವನೊಬ್ಬ ಬಂದ. ಹೆದರಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದ. ಎಂದಿನಂತೆ ಮಾತಾಡುತ್ತಲೇ ಕುರುವಿನ ಸುತ್ತ ಕೂದಲು ಸವರಿ ಮುಗಿಸಿದಮೇಲೆ ಮೆತ್ತಗೈಗೆ ತಟ್ಟನೆ ಹೊಳೆಯಿತು. ಕೋಳಿಯ ಹತ್ತಿರ ತಾನು ಒಂದು ಮಾತೂ ಆಡಿರಲಿಲ್ಲ.

ಆ ಸಂಜೆ ಲೋಷನ್ ಅಂಗಡಿಯಲ್ಲೇ ಬಿಟ್ಟು ಬಂದ. ಹೆಂಡತಿಯ ಮಡಿಲಲ್ಲಿ ಕೋಳಿ ಕೂರಿಸಿ, ಅಂಗಡಿಯ ಬಟ್ಟೆಯನ್ನೇ ಅದಕ್ಕೆ ಹೊದಿಸಿದ. ಗಂಟಲು ಸರಿಮಾಡಿಕೊಂಡ.

"ನೋಡಮ್ಮ ಸವಾರಿ, ಇವತ್ತು ಒಬ್ಬ ಬಂದಿದ್ದ. ತಲೇಲಿರೋದೇ ಹನ್ನೊಂದು ಕೂದಲು. ಮುಂದೆ ಸ್ವಲ್ಪ ಉದ್ದ ಬಿಡಿ, ಹಿಂದೆ ಮೀಡಿಯಂ ಮಾಡಿ ಅಂತಾನೆ."

ಕೋಳಿ ಕೊಸರಾಡಿತು, ಆಮೇಲೆ ನಿಧಾನವಾಗಿ ಸಡಿಲವಾಯಿತು. ಹೆಂಡತಿ ನಕ್ಕಳು. ಆ ನಗು ಕೇಳಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲು ಹೋಗಿ ಅವನು ಬಿಟ್ಟುಬಿಟ್ಟ. ಮುಲಾಮು ಸರಿಯಾದ ಜಾಗಕ್ಕೆ ಹತ್ತಿತ್ತು.

ದಿನಕ್ಕೊಂದು ಕಥೆ ನಡೆಯಿತು. ಅವನು ತಡವರಿಸಿದರೆ ಹೆಂಡತಿ "ಆಮೇಲೆ?" ಅನ್ನುತ್ತಿದ್ದಳು. ಬಾವು ಇಳಿಯಿತು, ವಾಸನೆ ಹೋಯಿತು, ಹೊಸ ಪುಕ್ಕದ ಮೊಳಕೆ ಕಾಣಿಸಿತು. ಮೂರನೇ ವಾರದ ಕೊನೆಗೆ ವೈದ್ಯರು ನೋಡಿ, ಇನ್ನು ಏನೂ ಬೇಕಿಲ್ಲ ಎಂದರು.

ಮರುದಿನ ಸಂಜೆ ಮೆತ್ತಗೈ ಅಭ್ಯಾಸಬಲದಿಂದ ಹಿತ್ತಲಿಗೆ ಸ್ಟೂಲು ತಂದಿಟ್ಟ. ಸವಾರಿ ಮಣ್ಣು ಕೆದಕುವುದರಲ್ಲಿ ಮುಳುಗಿತ್ತು, ಇವನತ್ತ ತಿರುಗಿಯೂ ನೋಡಲಿಲ್ಲ. ಕೈಗೆ ಕೆಲಸವಿಲ್ಲ. ಮೊದಲಿನಂತೆ ಸುಮ್ಮನೆ ಒಳಗೆ ಹೊರಟ.

"ವಾಸಿಯಾಗಿರೋದು ಕೋಳಿಗೆ," ಅಂದಳು ಹೆಂಡತಿ. "ನನಗಲ್ಲ. ಕೂತ್ಕೊಳ್ಳಿ."

ಅವನು ತಿರುಗಿ ಬಂದು ಕೂತ. ಇವತ್ತು ಒಬ್ಬ ಬಂದಿದ್ದ ಎಂದು ಶುರುಮಾಡಲು ಬಾಯಿ ತೆರೆದವನು ತಡೆದುಕೊಂಡ.

"ನಿನ್ನ ಮಂಡಿನೋವು ಹೇಗಿದೆ?" ಎಂದು ಕೇಳಿದ. ಅವಳು ಮೊದಲಿನಿಂದ ಹೇಳತೊಡಗಿದಳು.