ಮೂಗಮ್ಮ ಚಿಮುಕಿಸಿದ ನೀರು

ನಾನು ಮೂಗಮ್ಮನವರನ್ನು ಮೊದಲು ಕಂಡದ್ದು 2024ರ ಫೆಬ್ರವರಿಯ ಮೊದಲ ಸೋಮವಾರ. ದೇವಸಮುದ್ರದ ಬಸ್ಸು ತಡವಾಗಿ, ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿರುವ ಶೇಂಗಾ ಮಿಲ್ಲಿನ ಗೇಟು ದಾಟುವಾಗ ಹತ್ತು ಗಂಟೆಯಾಗುತ್ತಾ ಬಂದಿತ್ತು. ಅಂದು ನನ್ನ ಕೆಲಸದ ಮೊದಲ ದಿನ. ಕೈಯಲ್ಲಿ ಬಿ.ಕಾಂ. ಅಂಕಪಟ್ಟಿಯ ಫೈಲು ಇತ್ತು. ಅಂಗಳದಲ್ಲಿ ಆಳೆತ್ತರದ ಶೇಂಗಾಕಾಯಿ ರಾಶಿ. ಅದರ ಮೇಲೆ ಹಸಿರು ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ ಹೆಂಗಸೊಬ್ಬರು ಬರಿಗಾಲಲ್ಲಿ ನಿಂತಿದ್ದರು. ತಳಕ್ಕೆ ಮೊಳೆಯಿಂದ ತೂತು ಹೊಡೆದ ಎಣ್ಣೆ ಡಬ್ಬಿ ಅವರ ಕೈಯಲ್ಲಿತ್ತು. ಡಬ್ಬಿಯನ್ನು ಒಮ್ಮೆ ಬೀಸುವರು, ನಿಲ್ಲುವರು, ಕಾಲನ್ನು ರಾಶಿಯೊಳಗೆ ತೂರಿಸಿ ಏನೋ ಅಂದಾಜು ಮಾಡುವರು, ಮತ್ತೆ ಬೀಸುವರು.

"ಅತ್ಲಾಗೆ ನಿಲ್ಲವ್ವ, ಕಾಗದ ನೆನೀತಾವೆ," ಎಂದರು. ಆಮೇಲೆ, "ಯಾವೂರು?"

"ದೇವಸಮುದ್ರ."

"ಕುರಿ ಅದಾವಾ ಮನ್ಯಾಗೆ?"

"ಇದ್ವು. ಮಾರಿದ್ರು."

"ನಿನ್ನ ಓದ್ಸಾಕೇನು? ಹಂಗಾರೆ ಚೆನ್ನಾಗಿ ಬರಿ ಮತ್ತೆ, ಅವುಕ್ಕೆ ಮರ್ಯಾದೆ ಬರಂಗೆ!" ಎಂದು ನಕ್ಕು ಡಬ್ಬಿ ಬೀಸಿದರು.

ಅವರೂ ಕುರಿ ಕಾಯುವವರ ಮನೆಯವರೇ. ಕುರಿ ಮೇಯುತ್ತಿದ್ದ ಉಳ್ಳಾರ್ತಿ ಕಾವಲಿಗೆ ಬೇಲಿ ಬಿದ್ದ ಮೇಲೆ ಮೇವಿಗೆ ಜಾಗ ಸಾಲದೆ ಹಿಂಡು ಕರಗಿತು. ಮೂಗಮ್ಮ ಮಿಲ್ಲಿಗೆ ಬಂದರು. ಹನ್ನೆರಡು ವರ್ಷದಿಂದ ನೀರು ಹಾಕುವ ಕೆಲಸ ಅವರದೇ. ಬೆಳಿಗ್ಗೆ ಕಾಯಿಯ ಮೇಲೆ ನೀರು ಚಿಮುಕಿಸಿ ಟಾರ್ಪಾಲು ಹೊದಿಸಿಟ್ಟರೆ ಮಧ್ಯಾಹ್ನಕ್ಕೆ ಸಿಪ್ಪೆ ಮೆತ್ತಗಾಗುತ್ತದೆ. ಆಗ ಯಂತ್ರಕ್ಕೆ ಹಾಕಿದರೆ ಬೀಜ ಒಡೆದು ಬೇಳೆಯಾಗುವುದಿಲ್ಲ. ನೀರು ಕಡಿಮೆಯಾದರೆ ಬೀಜ ಒಡೆಯುತ್ತದೆ, ಹೆಚ್ಚಾದರೆ ಹಸಿಯಾಗುತ್ತದೆ. ಇಡೀ ರಸ್ತೆಯಲ್ಲಿ ಅವರ ಕೈಯ ಅಳತೆಗೆ ಹೆಸರಿತ್ತು.

ಸಾಹುಕಾರ ಓಂಕಾರಮೂರ್ತಿಯವರ ತಂದೆಯ ಕಾಲದಲ್ಲಿ ಅದು ಎಣ್ಣೆ ಮಿಲ್ಲು. ಹೊರದೇಶದ ತಾಳೆ ಎಣ್ಣೆ ಹಡಗು ಹಡಗಾಗಿ ಬಂದಿಳಿಯತೊಡಗಿದ ಮೇಲೆ ಊರಿನ ಎಷ್ಟೋ ಗಾಣಗಳು ನಿಂತವು, ಇಲ್ಲೂ ಕಾಯಿ ಒಡೆಯುವ ಕೆಲಸವಷ್ಟೇ ಉಳಿಯಿತು. ಬಂದರು ಎಂದರೆ ನಮ್ಮವರಿಗೆ ಬರೀ ಒಳಗೆ ಬರುವ ಬಾಗಿಲಾಗಿತ್ತು. ಈಗ ಮಂಗಳೂರು ಬಂದರಿನಲ್ಲಿ ಕಂಟೇನರ್ ಇಳಿಸಿ ಏರಿಸುವ ಸೌಕರ್ಯ ಹೆಚ್ಚಿದೆ, ನಮ್ಮಂಥ ಸಣ್ಣ ಊರಿನವರೂ ಒಂದು ಪೆಟ್ಟಿಗೆ ಸರಕು ಕಳಿಸಬಹುದು ಎಂದು ಓಂಕಾರಮೂರ್ತಿ ಯಾವುದೋ ಸಭೆಯಲ್ಲಿ ಕೇಳಿ ಬಂದಿದ್ದರು. ವಿಯೆಟ್ನಾಮಿನ ಒಬ್ಬ ವ್ಯಾಪಾರಿ ಒಂದು ಕಂಟೇನರ್ ಬೀಜ ಕೇಳಿದ್ದ. ಆ ಕಾಗದಪತ್ರ ನೋಡಲೆಂದೇ ನನ್ನನ್ನು ಕರೆದದ್ದು. ಇದು ಕೈಹಿಡಿಯದಿದ್ದರೆ ಮಿಲ್ಲನ್ನು ಗೋದಾಮಿಗೆ ಬಾಡಿಗೆ ಕೊಡುವುದಾಗಿ ಅವರು ಎಲ್ಲರೆದುರೇ ಹೇಳಿದ್ದರು. ಅಲ್ಲಿ ನಲವತ್ತು ಹೆಂಗಸರು ದುಡಿಯುತ್ತಿದ್ದರು.

ಬೀಜದ ತೇವ ಏಳು ಪರ್ಸೆಂಟ್ ಮೀರಬಾರದು ಎಂದು ವ್ಯಾಪಾರಿ ಬರೆದಿದ್ದ. ನಾನು ಅದನ್ನು ಕನ್ನಡದಲ್ಲಿ ಬರೆದು ಮೇಸ್ತ್ರಿ ಚಂದ್ರಣ್ಣನಿಗೆ ಕೊಟ್ಟೆ. ಆತ ಕೆಲಸದ ಕ್ರಮವನ್ನೇನೂ ಬದಲಿಸಲಿಲ್ಲ. ಎಂದಿನಂತೆ ನೀರು ಹಾಕಿಸಿ, ಒಡೆಸಿ, ಬೀಜವನ್ನು ಅರ್ಧ ದಿನ ಬಿಸಿಲಿಗೆ ಹರವಿಸಿದ. ಬಾಗಿಲ ಬಳಿಯ ಆರು ಚೀಲಕ್ಕೆ ತೇವ ಅಳೆಯುವ ಮೀಟರ್ ಚುಚ್ಚಿ, "ಆರೂವರೆ, ಬರ್ಕಳಮ್ಮ" ಎಂದ. ನಾನೂ ಬರೆದುಕೊಂಡೆ. ಉಳಿದ ಚೀಲಗಳನ್ನೂ ನೋಡಿ ಎಂದು ನಾನು ಹೇಳಲಿಲ್ಲ. ಕಂಟೇನರಿಗೆ ಮುನ್ನೂರ ಎಂಬತ್ತು ಚೀಲ ತುಂಬಿ, ಬಾಗಿಲು ಮುಚ್ಚಿ, ಮೊಹರು ಹಾಕಿ, ಲಾರಿ ಹೊರಟಿತು.

ಮೂಗಮ್ಮ ಕಂಟೇನರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ.

"ಎಷ್ಟು ದಿನ ಬಾಗ್ಲು ತೆಗೆಯಲ್ಲ ಇದ್ರದ್ದು?" ಎಂದು ಮೊಹರು ಹಾಕುವಾಗ ಕೇಳಿದ್ದರು.

"ಇಪ್ಪತ್ತೈದು ದಿನ ಆಗ್ಬಹುದು."

"ಗಾಳಿ?"

"ಇಲ್ಲ."

ಮರುದಿನ ಅವರ ಕೈಯಿಂದ ಕೇರುವ ಮೊರ ಎರಡು ಸಲ ಜಾರಿತು. ಊಟಕ್ಕೆ ಕೂತವರು ಬುತ್ತಿ ಬಿಚ್ಚದೆ ಎದ್ದು ನನ್ನ ಮೇಜಿನ ಬಳಿ ಬಂದರು.

"ಹಡಗು ಹೊಂಟೈತಾ ಪುಷ್ಪಮ್ಮ?"

"ಇಲ್ಲ, ಶುಕ್ರವಾರಕ್ಕೆ."

ಒಂದು ಗಂಟೆ ಬಿಟ್ಟು ಮತ್ತೆ ಬಂದು ಅದನ್ನೇ ಕೇಳಿದರು. ಏನಾಯಿತು ಎಂದಾಗ ಹೇಳಿದರು: "ನಮ್ಮಜ್ಜಿ ಮನ್ಯಾಗೆ ಹಗೇವು ಇತ್ತು, ನೆಲದಾಗೆ ತೋಡಿ ಜೋಳ ತುಂಬಿ ಬಾಯಿ ಮುಚ್ಚೋದು. ಒಂದ್ವರ್ಷ ಜೋಳ ಸರಿಯಾಗಿ ಒಣಗಿಸ್ದೆ ತುಂಬಿದ್ರು. ತೆಗ್ದಾಗ ಹಬೆ ಎದ್ದು ಬಂತು, ಕಾಳೆಲ್ಲ ಕರ್ರಗೆ. ದನಾನೂ ಮೂಸ್ಲಿಲ್ಲ. ಈ ಡಬ್ಬಾನೂ ಹಂಗೇ ಅಲ್ವಾ? ಎಣ್ಣೆ ಮಿಲ್ಲಿಗೆ ಹೋಗೋ ಬೀಜ ನಾಕು ದಿನದಾಗೆ ಅರೀತಾರೆ, ಹಸಿ ಇದ್ರೂ ನಡೀತಿತ್ತು. ನಡುಗಡೆ ಇಟ್ಟ ಚೀಲದ ಬೀಜ ತುಂಬೋವಾಗ ನಾ ಕಡ್ದು ನೋಡೀನಿ. ಮುರೀಲಿಲ್ಲ, ಬಾಗ್ತು."

ಜೊತೆಯ ರಂಗಕ್ಕ ಬಿಡಲಿಲ್ಲ. "ಅಲ್ಲೇ, ಸಮುದ್ರದಾಗೆ ಅಷ್ಟು ನೀರೈತಂತೆ, ನಿನ್ನ ಒಂದು ಡಬ್ಬಿ ನೀರು ಯಾವ ಮೂಲೆಗೆ ಸಾಲ್ತೈತೆ?" ಎಲ್ಲರೂ ನಕ್ಕರು. ಮೂಗಮ್ಮ ನಗಲಿಲ್ಲ.

ಬುಧವಾರ ನಾವಿಬ್ಬರೂ ಸಾಹುಕಾರರ ಕೋಣೆಗೆ ಹೋದೆವು. ಚಂದ್ರಣ್ಣ ಅಲ್ಲಿಯೇ ಇದ್ದ.

"ಸಾವ್ಕಾರ್ರೆ, ಡಬ್ಬಾ ವಾಪಸ್ ಕರ್ಸ್ರಿ. ಒಳಗೆ ಹಸಿ ಐತೆ. ನೀರು ಹಾಕಿದ್ದು ನಾನೇ."

"ಮೀಟರ್ ಸುಳ್ಳು ಹೇಳ್ತೈತೇನಮ್ಮ?" ಎಂದ ಚಂದ್ರಣ್ಣ. "ನಿನ್ನ ಹಲ್ಲೇ ದೊಡ್ಡ ಮೀಟ್ರಾ?"

"ನಿನ್ನ ಮೀಟ್ರು ಬಾಗ್ಲತಾವ ನಿಂತು ನೋಡೈತೆ ಕಣಪ್ಪ, ಒಳಗೆಲ್ಲಿ ಹೋಗೈತೆ?"

ಓಂಕಾರಮೂರ್ತಿ ಎದ್ದು ಕಿಟಕಿಯವರೆಗೆ ಹೋಗಿ ಬಂದರು, ಕೂತರು, ಮತ್ತೆ ಎದ್ದರು. "ಶುಕ್ರವಾರದ ಹಡಗು ತಪ್ಪಿದ್ರೆ ಆ ಮನುಷ್ಯ ಮತ್ತೆ ನಮ್ಮನ್ನ ಕೇಳ್ತಾನೋ ಇಲ್ವೋ. ತೆಗ್ಸಿ ನೋಡಿ, ಒಣಗೇ ಇದ್ರೆ?"

"ಒಣಗಿದ್ರೆ ನಾಳಿಂದ ನಾ ಬರಲ್ಲ."

"ಕೆಟ್ಟ ಮಾಲು ಅಲ್ಲಿ ಮುಟ್ಟಿದ್ರೆ?" ಎಂದೆ ನಾನು.

ಓಂಕಾರಮೂರ್ತಿ ಡ್ರೈವರನ್ನು ಕೂಗಿದರು. ನಾಲ್ವರೂ ಆಗಲೇ ಜೀಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಮೂಗಮ್ಮ ಸೆರಗಿನ ತುದಿಯನ್ನು ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಟೀಗೆ ನಿಲ್ಲಿಸಿದಲ್ಲೆಲ್ಲ ಮೊದಲು ಇಳಿದು, ಕುಡಿಯದೆ, ಮೊದಲು ಹತ್ತಿದರು. "ಇನ್ನೆಷ್ಟು ದೂರ?" ಎಂಬುದೊಂದೇ ಮಾತು.

ಮರುದಿನ ಬೆಳಿಗ್ಗೆ, ಸುಂಕ ಇಲಾಖೆಯ ಅನುಮತಿ ಪಡೆದು, ಬಂದರಿನ ಹತ್ತಿರದ ಯಾರ್ಡಿನಲ್ಲಿ ನಮ್ಮ ಪೆಟ್ಟಿಗೆಯ ಮೊಹರು ಒಡೆಸಿದೆವು. ಸುತ್ತಲೂ ಸಾಲುಸಾಲು ಪೆಟ್ಟಿಗೆಗಳು, ಆಚೆ ಕಬ್ಬಿಣದ ಕ್ರೇನುಗಳು. ಮೂಗಮ್ಮ ಅತ್ತ ತಿರುಗಿಯೂ ನೋಡಲಿಲ್ಲ.

ಚಂದ್ರಣ್ಣ ಬಾಗಿಲ ಚೀಲಕ್ಕೆ ಮೀಟರ್ ಚುಚ್ಚಿದ. ಆರೂವರೆ. ಎರಡನೆಯದು ಆರೂ ಮುಕ್ಕಾಲು. ಆತ ಸಾಹುಕಾರರ ಮುಖ ನೋಡಿದ. ಓಂಕಾರಮೂರ್ತಿ ನನ್ನ ಮುಖ ನೋಡಿದರು.

ಮೂಗಮ್ಮ ಸೀರೆ ಎತ್ತಿ ಕಟ್ಟಿ ಚೀಲಗಳ ಮೇಲೆ ಹತ್ತಿದರು. ಛಾವಣಿಗೂ ಚೀಲಕ್ಕೂ ನಡುವಿದ್ದ ಜಾಗದಲ್ಲಿ ತೆವಳುತ್ತಾ ಒಳಗೆ ಹೋದರು. ಸ್ವಲ್ಪ ಹೊತ್ತು ಅವರ ಪಾದ ಮಾತ್ರ ಕಂಡವು, ಆಮೇಲೆ ಅವೂ ಇಲ್ಲ. ಒಳಗಿಂದ ಧ್ವನಿ ಬಂತು: "ಮೇಲಿಂದ ಹಬೆ ಹನಿಯಾಗಿ ತೊಟ್ಟಿಕ್ಕುತೈತ್ರೀ! ಬೆನ್ನು ನೆಂದೋತು!"

ಹಮಾಲರು ಮುಂದಿನ ಸಾಲುಗಳನ್ನು ಇಳಿಸಿ ನಡುವಿನ ಚೀಲ ಎಳೆದು ತಂದರು. ಕೈಯಿಟ್ಟರೆ ಬೆಚ್ಚಗಿತ್ತು. ಚಂದ್ರಣ್ಣ ಮೀಟರ್ ಚುಚ್ಚಿ, ತೆಗೆದು, ಒರೆಸಿ, ಮತ್ತೆ ಚುಚ್ಚಿದ. ಒಂಬತ್ತೂವರೆ. ಆತ ಮೀಟರನ್ನು ನನ್ನತ್ತ ತಿರುಗಿಸಿ ಹಿಡಿದ.

ಪೆಟ್ಟಿಗೆ ವಾಪಸು ಬಂತು. ನಾನು ವ್ಯಾಪಾರಿಗೆ ನಡೆದದ್ದನ್ನು ನಡೆದಂತೆಯೇ ಬರೆದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ, ಮುಂದಿನ ತಿಂಗಳ ಹಡಗಿಗೆ ಕಳಿಸಿ ಎಂದು ಬಂತು. ಹಸಿ ಬೀಜದಲ್ಲಿ ಹೆಚ್ಚಿನದನ್ನು ಒಣಗಿಸಿ ಎಣ್ಣೆ ಮಿಲ್ಲಿಗೆ ಮಾರಿದರು, ಬೂಸಲು ಹಿಡಿದ ಇಪ್ಪತ್ತು ಚೀಲ ಸುಟ್ಟರು. ಹೊಸ ಸರಕಿಗೆ ನೀರು ಹಾಕಲಿಲ್ಲ. ಮೊದಲ ದಿನ ಕಾಲು ಭಾಗ ಬೀಜ ಒಡೆದು ಬೇಳೆಯಾಯಿತು. ಮೂಗಮ್ಮ ಯಂತ್ರದ ಬಳಿಯೇ ನಿಂತು, "ನಿಧಾನಕ್ಕೆ ಓಡ್ಸೋ, ಇನ್ನೂ ನಿಧಾನ" ಎಂದು ವೇಗ ತಗ್ಗಿಸಿ, ಜರಡಿ ಬದಲಿಸಿ, ಮೂರು ದಿನ ಹೆಣಗಿದ ಮೇಲೆ ಅದು ಹತ್ತನೇ ಒಂದು ಭಾಗಕ್ಕಿಳಿಯಿತು. ಪೆಟ್ಟಿಗೆ ಹೋಗಿ ಮುಟ್ಟಿತು. ಆಮೇಲೆ ಇನ್ನೂ ಐದು ಹೋಗಿವೆ. ಒಂದು ಸಲ ಒಡೆದ ಬೀಜ ಹೆಚ್ಚಿತ್ತೆಂದು ತಕರಾರು ಬಂದದ್ದೂ ಉಂಟು. ಮಿಲ್ಲು ನಡೆಯುತ್ತಿದೆ.

ಮೂಗಮ್ಮ ಈಗ ಅಲ್ಲಿ ನೀರು ಹಾಕುವ ಕೆಲಸ ಮಾಡುವುದಿಲ್ಲ. ಬಂದರಿಗೆ ಹೋಗುವ ಪ್ರತಿಯೊಂದು ಚೀಲದ ತೇವವನ್ನೂ ಮೀಟರಿನಿಂದ ತಾವೇ ಪರೀಕ್ಷಿಸುತ್ತಾರೆ. ಅವರು ಒಪ್ಪದೆ ಪೆಟ್ಟಿಗೆಯ ಬಾಗಿಲು ಮುಚ್ಚುವುದಿಲ್ಲ.