ಕೌದಿ ಇಲ್ಲದ ಗೋಡೆ

ಆಗೆಲ್ಲ ನಮ್ಮ ಶಹಾಬಾದಿನ ಸುತ್ತ ಜೋಳದ ತೆನೆ ಹಾಲುಗಾಳು ಕಟ್ಟಿತೆಂದರೆ ಬಜಾರಿನ ಗಾಳಿಯಲ್ಲಿ ಎರಡು ವಾಸನೆ ಬೆರೆಯುತ್ತಿದ್ದವು. ಒಂದು, ಸಗಣಿ ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಡುವ ಸೀತನಿಯ ವಾಸನೆ. ಇನ್ನೊಂದು, ನಮ್ಮ ಅಂಗಡಿಯ ಏರ್‌ಗನ್ನುಗಳಿಗೆ ಹಚ್ಚುತ್ತಿದ್ದ ಎಣ್ಣೆಯದು. ಈ ಎರಡರಲ್ಲಿ ಯಾವುದು ಮೂಗಿಗೆ ಬಿದ್ದರೂ ಇವತ್ತಿಗೂ ನನ್ನ ಎಡಗಣ್ಣಿನಲ್ಲಿ ಏನೋ ಚುರುಕ್ಕೆನ್ನುತ್ತದೆ. ಅಲ್ಲಿರುವುದು ಗಾಜು. ಗ್ಲಾಸ್ ಐ. ಗಾಜಿಗೆ ನೋವಾಗುವುದಿಲ್ಲ, ಐ ನೋ. ಆದರೂ ಆಗುತ್ತದೆ.

ನನಗಾಗ ಒಂಬತ್ತೋ ಹತ್ತೋ ವರ್ಷ. ಗುಲಬರ್ಗಾದ ಕಾನ್ವೆಂಟಿನ ಹಾಸ್ಟೆಲ್‌ನಲ್ಲಿದ್ದವಳು ಕ್ರಿಸ್‌ಮಸ್ ರಜೆಗೆ ಮನೆಗೆ ಬಂದಿದ್ದೆ. ಮನೆಯ ಮುಂಭಾಗವೇ ಅಪ್ಪನ ಅಂಗಡಿ. ಫುಟ್‌ಬಾಲು, ಕೇರಂ ಬೋರ್ಡು, ಹಗ್ಗ, ಟಾರ್ಚು, ಮತ್ತೆ ಗೋಡೆಗೆ ಸಾಲಾಗಿ ಒರಗಿಸಿಟ್ಟ ಏರ್‌ಗನ್ನುಗಳು. ಅವುಗಳ ಗಿರಾಕಿ ಹೆಚ್ಚಾಗಿ ಹೊಲದವರು. ತೆನೆಗೆ ಹಾಲು ತುಂಬಿದ ಕೂಡಲೇ ಗಿಳಿ ಗುಬ್ಬಿಗಳ ಹಿಂಡು ಇಳಿಯುತ್ತಿತ್ತು. ಗುಂಡಗುರ್ತಿ ಕಡೆ ಹೋದರೆ ಕೊಂದ ಹಕ್ಕಿಗಳನ್ನು ಕಾಲಿಗೆ ದಾರ ಕಟ್ಟಿ, ಗಳಕ್ಕೆ ತಲೆಕೆಳಗಾಗಿ ನೇತುಹಾಕಿರುತ್ತಿದ್ದರು, ಉಳಿದವು ನೋಡಿ ಹೆದರಲಿ ಎಂದು. ಗಾಳಿ ಬಂದರೆ ಆ ಸತ್ತ ರೆಕ್ಕೆಗಳು ಬಿಚ್ಚಿಕೊಳ್ಳುತ್ತಿದ್ದವು. ಬಸ್ಸಿನ ಕಿಟಕಿಯಲ್ಲಿ ಕುಳಿತ ನನಗೆ ಅವು ಇನ್ನೂ ಹಾರಲು ನೋಡುತ್ತಿವೆ ಅನ್ನಿಸುತ್ತಿತ್ತು.

ಹಕ್ಕಿ ಕೊಲ್ಲುವ ವಸ್ತು ಮಾರುತ್ತಿದ್ದರೂ ಅಪ್ಪ ಅದರ ಮಟ್ಟಿಗೆ ಬಹಳ ಸ್ಟ್ರಿಕ್ಟ್. ಗನ್ನನ್ನು ಯಾರ ಕೈಗೆ ಕೊಡುವುದಿದ್ದರೂ ಮೊದಲು ನಳಿಗೆ ಮಡಚಿ, ಒಳಗೆ ಛರ್ರಾ ಇಲ್ಲವೆಂದು ಗಿರಾಕಿಗೆ ತೋರಿಸಬೇಕು. ಛರ್ರಾ ಅಂದರೆ ಅದರ ಸೀಸದ ಗುಂಡು, ತೊಗರಿಕಾಳಿನಷ್ಟು. ಖಾಲಿ ಇದ್ದರೂ ಮನುಷ್ಯರ ಕಡೆ, ನಾಯಿಯ ಕಡೆ ಕೂಡ ಹಿಡಿಯುವಂತಿಲ್ಲ. ಹೊಡೆದು ತೋರಿಸುವಾಗ ಎಲ್ಲರೂ ಹೊಡೆಯುವವನ ಹಿಂದೆ ನಿಲ್ಲಬೇಕು. ಹುಡುಗರು ಬಂದು ಕೇಳಿದರೆ, "ನಿಮ್ಮಪ್ಪನ್ನ ಕರ್ಕೊಂಡ ಬಾ, ಹೋಗು." ಒಮ್ಮೆ ಬದುವಿನ ಜಗಳದಲ್ಲಿ ತಲೆ ಒಡೆಸಿಕೊಂಡ ಒಬ್ಬ ರಕ್ತದ ರುಮಾಲಿನಲ್ಲೇ ಬಂದು ಗನ್ ಕೇಳಿದ್ದ. ಅಪ್ಪ ಅವನನ್ನು ಕೂರಿಸಿ ಚಹಾ ಕುಡಿಸಿ, ಬರಿಗೈಯಲ್ಲಿ ಕಳಿಸಿದರು. "ಸಿಟ್ಟಿನ್ಯಾಗ ಬಂದವರಿಗಿ ನಾ ಮಾರಂಗಿಲ್ಲಪ. ಸಿಟ್ಟ ಇಳದ ಮ್ಯಾಲ ಬಾ."

ಎಲ್ಲಕ್ಕಿಂತ ದೊಡ್ಡ ರೂಲ್ ಹಿತ್ತಲ ಗೋಡೆಯದು. ನಮ್ಮೂರಿನಲ್ಲಿ ಎಲ್ಲವೂ ಫರಸಿ ಕಲ್ಲು. ನೆಲ ಫರಸಿ, ಮಾಳಿಗೆ ಫರಸಿ, ಕೂರುವ ಕಟ್ಟೆ, ಒಗೆಯುವ ಬಂಡೆ, ಕಂಪೌಂಡು ಎಲ್ಲ ಅದೇ. ಹಿತ್ತಲ ಗೋಡೆಯ ಮುಂದೆ ಅಪ್ಪ ಹುಲ್ಲು ತುಂಬಿದ ಚೀಲ ನಿಲ್ಲಿಸಿ, ಅದರ ಮುಂದೆ ಹಳೆ ಬಟ್ಟೆ ಪದರ ಪದರವಾಗಿ ಹೊಲಿದ ದಪ್ಪ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಇಳಿಬಿಟ್ಟಿದ್ದರು. ಛರ್ರಾ ಹೋಗಿ ಕೌದಿಯಲ್ಲಿ ಹೂತು ಸುಮ್ಮನಾಗುತ್ತಿತ್ತು. "ಕಲ್ಲಿಗಿ ಹೊಡದ್ರ ಅದು ಇಟ್ಕೊಳ್ಳಂಗಿಲ್ಲ, ವಾಪಸ್ ಕೊಡ್ತದ," ಎನ್ನುತ್ತಿದ್ದರು.

ಆ ಕೌದಿ ಆಯಿಯದು, ಅಂದರೆ ಅಪ್ಪನ ಅವ್ವನದು. ಎಳ್ಳಮಾಸಿ, ಅಂದರೆ ಹೊಲಕ್ಕೆ ಹೋಗಿ ಉಣ್ಣುವ ಎಳ್ಳು ಅಮಾವಾಸ್ಯೆ, ಹತ್ತಿರ ಬಂದಾಗ ಅವಳು ಜಗಳ ತೆಗೆದಳು.

"ನಮ್ಮವ್ವ ಹೊಲಿದ ಕೌದಿ ಅದು. ನಿಮ್ಮ ಛರ್ರಾ ತಿಂದು ತಿಂದು ಜಾಳಿಗಿ ಆಗೇದ. ಎಳ್ಳಮಾಸಿಗಿ ಹೊಲಕ್ಕ ಹೋಗೋಮುಂದ ಬಂಡ್ಯಾಗ ಏನ್ ಹಾಸ್ಲಿ, ನನ್ನ ಸೆರಗೇನು?"

ಅಮಾವಾಸ್ಯೆಗೆ ಇನ್ನೂ ಎರಡು ದಿನ ಇರುವಾಗಲೇ, ಅಪ್ಪ ಅಂಗಡಿಯಲ್ಲಿದ್ದಾಗ, ಕೌದಿಯನ್ನು ಕಿತ್ತು ಬಂಡೆಯ ಮೇಲೆ ಒಗೆಯಲು ಕುಳಿತಳು. ಒದ್ದೆ ಕೌದಿ ಎತ್ತಿ ಕಲ್ಲಿಗೆ ಬಡಿದಾಗಲೆಲ್ಲ ಧಪ್ ಎಂಬ ಸದ್ದು, ಅದರ ಬೆನ್ನಿಗೇ ಛರ್ರಾಗಳು ಉದುರುವ ಕಿಣಿಕಿಣಿ. ನಾನು ಅವನ್ನು ಆಯ್ದು ಫ್ರಾಕಿನ ಜೇಬಿಗೆ ತುಂಬಿಕೊಂಡೆ. ಮಾರನೆಯ ದಿನ ಒಣಗಿದ ಕೌದಿ ಬಂಡಿ ಸೇರಿತು. ಮೆತ್ತಗಿರಲಿ ಎಂದು ಹುಲ್ಲಿನ ಚೀಲವೂ ಅದರಡಿಗೆ ಹೋಯಿತು. ಅಂದೇ ಬೆಳಗಿನ ರೈಲಿಗೆ ಪಾರ್ಸೆಲ್ ಬಿಡಿಸಿಕೊಳ್ಳಲು ವಾಡಿಗೆ ಹೋದ ಅಪ್ಪನಿಗೆ ಇದೇನೂ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಕಾಕಾ ಇದ್ದ. ಶಿವಕಾಕಾ, ಅಪ್ಪನ ತಮ್ಮ. ಹೇಗೆ ಹೇಳಲಿ ಅವನ ಬಗ್ಗೆ? ಹಾಸ್ಟೆಲ್‌ನಿಂದ ಬಂದ ನನ್ನನ್ನು ಸ್ಟೇಶನ್ನಿನಿಂದ ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದವನು ಅವನು. ನನ್ನನ್ನು ಕರೆಯುತ್ತಿದ್ದುದು "ಮೇಮ್‌ಸಾಬ್" ಎಂದು. ದಾರಕ್ಕೆ ಕಟ್ಟಿದ ಬಾರಿಹಣ್ಣನ್ನು ಹೊಡೆದು ಬೀಳಿಸುವಷ್ಟು ಗುರಿ ಅವನದು. ಊರೆಲ್ಲ ಗೊತ್ತಿದ್ದ ಸಂಗತಿ.

ಅಂದು ಸಂತೆ. ಕೊಡ್ಲಿ ಎಂಬ ಹಳ್ಳಿಯಿಂದ ಹಳದಿ ರುಮಾಲಿನ ರೈತರೊಬ್ಬರು ಬಂದಿದ್ದರು. "ಗಿಳಿ ಭಾಳ ಆಗ್ಯಾವ್ರಿ. ಹೊಡದು ತೋರಸ್ರಿ, ತೊಗೊತೀನಿ. ಎತ್ತು ತೊಗೊಳ್ಳೋಮುಂದ ಹಲ್ಲ ನೋಡಂಗಿಲ್ಲೇನು?"

"ಅಣ್ಣ ವಾಡಿಗಿ ಹೋಗ್ಯಾನ್ರಿ. ಸಂಜಿಗಿ ಬರ್ರಿ," ಎಂದ ಕಾಕಾ.

"ಸಂಜಿತನ ಕುಂತ್ರ ನಮ್ಮ ಬಸ್ ಹೋಗ್ತದ್ರಿ."

ಸುತ್ತ ನಿಂತವರಲ್ಲಿ ಯಾರೋ ಕೆಣಕಿದರು. "ಏ ಶಿವಣ್ಣ, ಅಣ್ಣ ಊರಾಗ ಇಲ್ಲಂದ್ರ ನಿನ್ನ ಕೈ ನಡಿಯಂಗಿಲ್ಲೇನು? ಕೈಗಿ ಅವರೇ ಕೀಲಿ ಹಾಕ್ಕೊಂಡು ಹೋಗ್ಯಾರೇನು?"

ನಗು ಎದ್ದಿತು. ಕಾಕಾನ ಕಿವಿ ಕೆಂಪಾಯಿತು. ಗನ್ ತೆಗೆದುಕೊಂಡು ಹಿತ್ತಲಿಗೆ ನಡೆದ. ಸಂತೆಯ ಮಂದಿ ಹಿಂದೆ ಬಂತು. ಗೋಡೆಯ ಮುಂದೆ ದಾರಕ್ಕೆ ಒಂದು ಲಿಂಬಿಕಾಯಿ ತೂಗಿತು. ಹಳದಿ ರುಮಾಲಿನವರು ಹುಬ್ಬು ಗಂಟಿಕ್ಕಿ ನೋಡಿದರು.

"ಹಿಂದ ಬರೇ ಕಲ್ಲದಲ್ರೀ?"

"ನಮ್ಮ ಶಹಾಬಾದ್ ಫರಸಿ ಅದ್ರಿ ಇದು! ಇದರ ಮ್ಯಾಲ ರೈಲ್ವೆ ಎಂಜಿನ್ ನಿಂದ್ರಸ್ರಿ, ಹಾಂ ಅನ್ನಂಗಿಲ್ಲ. ಈ ಛರ್ರಾ ಯಾವ ಲೆಕ್ಕ?"

ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ. ಕಲ್ಲು ಗಟ್ಟಿಯಿದ್ದಷ್ಟೂ ಒಳ್ಳೆಯದೆಂದು ತಿಳಿದ ಊರು ನಮ್ಮದು. ಅಲ್ಲಿದ್ದವರಲ್ಲಿ ಅರ್ಧ ಮಂದಿ ಖಣಿಯಲ್ಲಿ ಫರಸಿ ಎಬ್ಬಿಸಿ ಹೊಟ್ಟೆ ಹೊರೆಯುವವರು. ಆ ಕಲ್ಲಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ನಾನು ಹಿಂದಿನ ಕಟ್ಟೆಯ ಮೇಲೆ ಕುಳಿತು, ಬಟ್ಟಲಲ್ಲಿ ಸೀತನಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಲಸಿಕೊಂಡು ತಿನ್ನುತ್ತಿದ್ದೆ. ಕಾಕಾ ತಿರುಗಿ ನೋಡಿದ. "ಮೇಮ್‌ಸಾಬ್, ಅಲ್ಲೇ ನನ್ನ ಹಿಂದ ಕುಂದ್ರು. ರೂಲ್ ಅಂದ್ರ ರೂಲ್."

ಮೊದಲ ಏಟಿಗೆ ಲಿಂಬಿಕಾಯಿ ಸಿಡಿದು ರಸ ಗೋಡೆಗೆ ಎರಚಿತು. ಚಪ್ಪಾಳೆ. ಉಳಿದ ಅರ್ಧ ಹೋಳು ದಾರದಲ್ಲಿ ಗಿರಗಿರ ತಿರುಗುತ್ತಿತ್ತು. "ಅದೂ ಹೊಡಿಲೇನು?" ಎಂದ. ಹೊಡೆದ. ಹೋಳು ಹಾಗೇ ತಿರುಗುತ್ತಿತ್ತು. ಕಲ್ಲು ಠಣ್ ಎಂದಿತು.

ಸೀತನಿಯ ಕಾಳು ಕಣ್ಣಿಗೆ ಹಾರಿತು ಅಂದುಕೊಂಡೆ, ನಿಜವಾಗಿ. ಒರೆಸಿಕೊಳ್ಳಲು ಹೋದ ಕೈ ಬೆಚ್ಚಗಾಯಿತು. ಬಟ್ಟಲಿನ ಹಸಿರು ಕಾಳಿನ ಮೇಲೆ ಕೆಂಪು ಹನಿ ಬಿತ್ತು, ಆಮೇಲೆ ಬರೀ ಹನಿಯಲ್ಲ, ಧಾರೆ. ಗೆದ್ದವರ ನಗು ಇನ್ನೂ ಮುಖದಲ್ಲೇ ಇದ್ದ ಕಾಕಾ ನನ್ನ ಕಡೆ ತಿರುಗಿದ್ದ. ಆ ನಗುವಿಗೆ ಹೋಗಬೇಕೆನ್ನುವುದೇ ಮರೆತುಹೋಗಿತ್ತು. ನನ್ನ ಎರಡೂ ಕಣ್ಣು ಸೇರಿ ಕಂಡ ಕೊನೆಯ ಮುಖ ಅದು.

ದವಾಖಾನೆಗೆ ಅವನೇ ಎತ್ತಿಕೊಂಡು ಓಡಿದ. ಅವನ ಅಂಗಿಯೆಲ್ಲ ನನ್ನ ರಕ್ತ. ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಒಂದು ಹೊರಳಿದರೆ ಇನ್ನೊಂದೂ ಹೊರಳುತ್ತದಂತೆ. ಸಂಜೆ ರೈಲಿಗೆ ಗುಲಬರ್ಗಾಕ್ಕೆ ಒಯ್ಯಿರಿ, ಉಳಿದರೆ ಉಳಿಯಬಹುದು ಎಂದರು. ರೈಲು ಬರುವವರೆಗೆ ಮನೆಯ ಪಡಸಾಲೆಯಲ್ಲಿ ಅವ್ವನ ತೊಡೆಯ ಮೇಲೆ ಮಲಗಿದ್ದೆ. ಮುಂದಿನದೆಲ್ಲ ನನಗೆ ಬರೀ ಸದ್ದು.

ಚಪ್ಪಲಿಯ ಸದ್ದು. ಪಾರ್ಸೆಲ್ ನೆಲಕ್ಕೆ ಬಿದ್ದ ಸದ್ದು. ಅಪ್ಪ ನನ್ನ ಹತ್ತಿರ ಬರಲಿಲ್ಲ. ನೇರ ಹಿತ್ತಲಿಗೆ ಹೋದರು. ಅಲ್ಲಿಂದ ಅವರ ದನಿ ಬಂತು, ತೀರಾ ಸಣ್ಣಗೆ.

"ಕೌದಿ ಎಲ್ಲದ, ಶಿವ್ಯಾ?"

ಏನೋ ಕೈಗೆತ್ತಿಕೊಂಡ ಸದ್ದು.

"ಕೌದಿ ಎಲ್ಲದ ಅಂದೆ."

ಆಮೇಲೆ ಧಪ್. ಮತ್ತೆ ಧಪ್. ಆಯಿ ಒದ್ದೆ ಕೌದಿಯನ್ನು ಬಂಡೆಗೆ ಬಡಿಯುತ್ತಿದ್ದಳಲ್ಲ, ಅದೇ ಸದ್ದು. ಮತ್ತೆ ಒಗೆಯುತ್ತಿದ್ದಾಳೆ ಎಂದೇ ಒಂದು ಕ್ಷಣ ಭಾವಿಸಿದೆ. ಆಮೇಲೆ ತಿಳಿಯಿತು, ಅಪ್ಪ ಗನ್ನಿನ ನಳಿಗೆ ಹಿಡಿದು, ಅದರ ಕಟ್ಟಿಗೆಯ ಹಿಡಿಯಿಂದ ತಮ್ಮನನ್ನು ಬಡಿಯುತ್ತಿದ್ದರು. ಬೆನ್ನಿಗೆ, ಮುಖಕ್ಕೆ, ಎಲ್ಲಿ ಸಿಕ್ಕಿದರೆ ಅಲ್ಲಿಗೆ. ಕಾಕಾ ಎದುರು ಕೈ ಎತ್ತಲಿಲ್ಲ. ಅವನ ದನಿ ಮಾತ್ರ ಕೇಳಿಸಿತು, ಬಾಯಲ್ಲಿ ಏನೋ ತುಂಬಿಕೊಂಡವನ ಹಾಗೆ.

"ಬಲಗೈಲೆ ಹೊಡದೀನಿ ಅಣ್ಣ. ಇದನ್ನೇ ಹೊಡಿ."

ಅವನೇ ಅಂಗೈಯನ್ನು ಕಟ್ಟೆಯ ಫರಸಿಯ ಮೇಲೆ ಚಾಚಿದನಂತೆ. ಅವ್ವ ಎಷ್ಟೋ ವರ್ಷದ ಮೇಲೆ ಹೇಳಿದಳು. ನನಗೆ ಕೇಳಿಸಿದ್ದು ಒಣಗಿದ ಜೋಳದ ದಂಟು ಮುರಿದ ಸದ್ದು, ಅದರ ಹಿಂದೆಯೇ ಆಯಿಯ ಚೀರಾಟ. "ಸಾಯ್ತಾನೋ! ಬಿಡೋ! ಕೌದಿ ತೆಗದಾಕಿ ನಾ, ನನ್ನ ಕೊಲ್ಲು!"

"ಸ್ಟಾಪ್ ಇಟ್ ಅಪ್ಪಾ! ಪ್ಲೀಸ್!" ಎಂದು ನಾನು ಕಿರುಚಿದೆ. ಅಂಥ ಹೊತ್ತಿನಲ್ಲೂ ಬಾಯಿಗೆ ಬಂದದ್ದು ಕಾನ್ವೆಂಟಿನ ಮಾತು. ಪಟ್ಟಿಯೊಳಗೆ ಮತ್ತೆ ಬಿಸಿಯಾಗಿ ಇಳಿಯತೊಡಗಿತು. ಬಡಿತ ನಿಂತಿತು. ಅಪ್ಪ ಅಂಗಡಿಗೆ ಹೋಗಿ, ಉಳಿದ ಗನ್ನುಗಳನ್ನೆಲ್ಲ ತಂದು ಒಂದೊಂದಾಗಿ ಅದೇ ಗೋಡೆಗೆ ಅಪ್ಪಳಿಸಿ ಮುರಿದರು. ಸಿಟ್ಟಿನಲ್ಲಿ ಬಂದವರಿಗೆ ಮಾರುವುದಿಲ್ಲ ಎಂದಿದ್ದ ಮನುಷ್ಯ.

ಸಂತೆಯ ಮಂದಿ ಸುದ್ದಿ ಮುಟ್ಟಿಸಿದ್ದರು. ಪೊಲೀಸ್ ಠಾಣೆಯ ಫೌಜದಾರ್ ಸಾಹೇಬರು ಬಂದರು. ಆಗಾಗ ಬಂದು ಸ್ಟಾಕ್ ನೋಡಿ ಚಹಾ ಕುಡಿದು ಹೋಗುತ್ತಿದ್ದವರೇ. ಇಂದು ಚಹಾ ಬೇಡವೆಂದರು. ನನ್ನ ತಲೆಯ ಹತ್ತಿರವೇ ಕುರ್ಚಿ ಎಳೆದ ಸದ್ದಾಯಿತು.

"ಹುಡುಗಿ ಕಣ್ಣಿಗಿ ಪೆಟ್ಟ ಆಗೇದ. ಕೇಸ್ ಮಾಡ್ಲಿಕ್ಕೇ ಬೇಕು. ಹೊಡದವರು ಯಾರು?"

"ಅಂಗಡಿ ನಂದ್ರಿ. ನಾ ಜವಾಬ್ದಾರ," ಎಂದರು ಅಪ್ಪ.

"ನೀವು ವಾಡಿಗಿ ಹೋಗಿದ್ರಂತಲ್ಲ?"

"ಎಲ್ಲೇ ಹೋಗಿರ್ಲಿ. ಗೋಡಿ ನೋಡ್ಲಾರದೆ ಅಂಗಡಿ ಬಾಗಲ ತೆರದು ಹೋದಾಂವ ನಾ."

"ಸುಳ್ಳ ಹೇಳ್ಲಿಕತ್ತಾನ್ರಿ," ಕಾಕಾನ ದನಿ. "ಹೊಡದಾಂವ ನಾ. ಬರ್ಕೊಳ್ರಿ."

"ನಿನ್ನ ಕೈಗೇನಾಗೇದಪ?"

"ಫರಸಿ ಮ್ಯಾಲ ಜಾರಿ ಬಿದ್ದೆ ರೀ."

"ಮತ್ತ ಮುಖ? ಹಲ್ಲು?"

"ಅದೇ ಫರಸಿ ರೀ."

ಫೌಜದಾರರು ಕುರ್ಚಿ ಸರಿಸಿ ಎದ್ದರು. "ಒಂದೇ ಫರಸಿ ಇವತ್ತ ಭಾಳ ಕೆಲಸ ಮಾಡೇದಲ್ಲಪ," ಎಂದರು. ಯಾರೂ ನಗಲಿಲ್ಲ. ನಾನು ಪಟ್ಟಿಯೊಳಗಿನ ಕತ್ತಲಲ್ಲಿ ಇಬ್ಬರ ಉಸಿರನ್ನೂ ಕೇಳಿಸಿಕೊಂಡು, ಈಗ ಮಾತಾಡುತ್ತಾರೆ, ಈಗ ಅಪ್ಪ "ಶಿವ್ಯಾ" ಅನ್ನುತ್ತಾರೆ ಎಂದು ಕಾದೆ. ಕಣ್ಣು ಉಳಿಯಲಿ ಎಂದು ಕೂಡ ಅಷ್ಟು ಬೇಡಿಕೊಂಡಿರಲಿಲ್ಲ. ಕಾನ್ವೆಂಟಿನ ಪ್ರೇಯರ್, ಆಯಿ ಕಲಿಸಿದ ಮಂತ್ರ, ಎರಡನ್ನೂ ಹೇಳಿಕೊಂಡೆ. ರೈಲು ಬಂತು.

ಕಣ್ಣು ಉಳಿಯಲಿಲ್ಲ. ಅವರಿಬ್ಬರ ಮಾತೂ ಅಂದಿಗೆ ಮುಗಿಯಿತು.

ಕೇಸ್ ಅಪ್ಪನ ಹೆಸರಿಗೇ ಆಯಿತು. ಕೋರ್ಟಿಗೆ ಅಲೆದರು, ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರು. ಅಂಗಡಿಗೆ ಮತ್ತೆ ಏರ್‌ಗನ್ ಬರಲಿಲ್ಲ. ಕಾಕಾ ಚಿಂಚೋಳಿ ಕಡೆ ಹೋಗಿ ನೆಲೆಸಿದ. ಅವನ ಬಲಗೈ ಕೂಡಿಕೊಂಡದ್ದು ಸೊಟ್ಟಗೆ, ಬೆರಳು ಮಡಚುತ್ತಿರಲಿಲ್ಲ. ನನ್ನ ಮದುವೆಗೆ ಬಂದಿದ್ದ. "ಮೇಮ್‌ಸಾಬ್, ಗಾಜಿಂದು ನಿಜವಾದ್ದಕ್ಕಿಂತ ಚಂದ ಅದ," ಎಂದು ನಗಿಸಿ ಪಂಕ್ತಿಯ ತುದಿಗೆ ಹೋಗಿ ಕುಳಿತ, ಎಡಗೈಯಲ್ಲಿ ಉಣ್ಣತೊಡಗಿದ. ನೆಂಟರಲ್ಲಿ ಯಾರೋ, "ಛೀ, ಯಾವ ಕೈಲೆ ಉಣ್ಲಿಕತ್ತಾನ ನೋಡ್ರಿ, ರೀತಿ ಇಲ್ಲ ರಿವಾಜಿಲ್ಲ," ಎಂದರು. ಇನ್ನೊಂದು ತುದಿಯಲ್ಲಿದ್ದ ಅಪ್ಪ ಅದನ್ನು ಕೇಳಿಸಿಕೊಂಡರು. ಮುಂದಿದ್ದ ಎಲೆಯನ್ನು ಹಾಗೇ ಬಿಟ್ಟು ಎದ್ದುಹೋದರು. ಮಗಳ ಮದುವೆಯ ಊಟ ಅವರು ಮಾಡಲಿಲ್ಲ. ಈಗ ಇಬ್ಬರೂ ಇಲ್ಲ.

ಮೊನ್ನೆ ಸೇಡಂನಲ್ಲಿ ಮೊಮ್ಮಗಳ ಜೊತೆ ಅಂಗಡಿಗೆ ಹೋಗಿದ್ದೆ. ಅವಳು ಕಾಲೇಜಿನ ಶೂಟಿಂಗ್ ಟೀಮಿನಲ್ಲಿದ್ದಾಳೆ, ಅವಳಿಗೆ ಏರ್‌ಗನ್ ಬೇಕಿತ್ತು. ಅಂಗಡಿಯ ಹುಡುಗ ಅವಳ ಆಧಾರ್ ಕಾರ್ಡ್ ನೋಡಿ ವಯಸ್ಸು ಖಾತ್ರಿ ಮಾಡಿಕೊಂಡ. ಗುಡ್, ಅಂದುಕೊಂಡೆ. ಹೊಡೆದು ತೋರಿಸಪ್ಪಾ ಎಂದರೆ, "ಡೆಮೊ ಇಲ್ರಿ ಅಮ್ಮಾ, ವಿಡಿಯೋ ಕಳಸ್ತೀನಿ," ಎಂದ. ಒಂದು ಹಾಳೆ ಮುಂದಿಟ್ಟ. ಯಾರಿಗೆ ಏನೇ ಪೆಟ್ಟಾದರೂ ಕಂಪನಿಯದಾಗಲಿ ಅಂಗಡಿಯದಾಗಲಿ ಜವಾಬ್ದಾರಿ ಇಲ್ಲ ಎಂದು ಅದರಲ್ಲಿತ್ತು.

"ಹಂಗಾದ್ರ ಯಾರಪ್ಪ ಜವಾಬ್ದಾರ?" ಎಂದೆ.

"ನಾವಂತೂ ಅಲ್ರಿ," ಎಂದು ನಕ್ಕ. ಒಳ್ಳೆಯ ಹುಡುಗನೇ. ಅವನ ತಪ್ಪೇನಿಲ್ಲ.

ನನಗೆ ಆ ಪಡಸಾಲೆ ನೆನಪಾಯಿತು. ಬಾಯಲ್ಲಿ ರಕ್ತ ತುಂಬಿಕೊಂಡವನೊಬ್ಬ, ಅವನನ್ನು ಬಡಿದು ಬಂದವನೊಬ್ಬ, ಇಬ್ಬರೂ ನಾನು ನಾನು ಎಂದು ಒಂದೇ ತಪ್ಪಿಗೆ ಕೈ ಚಾಚಿದ್ದು. ಅಷ್ಟು ಸಿಟ್ಟು, ಅಷ್ಟು ಹೊಡೆತ ಇವತ್ತು ಬೇಡವೇ ಬೇಡ. ಆದರೆ ಆ ಮಾತಿನ ಮನುಷ್ಯರು ಎಲ್ಲಿಗೆ ಹೋದರು? ಒಂದು ಕಣ್ಣಿಲ್ಲದೆ ಇಷ್ಟು ವರ್ಷ ನಡೆದುಬಿಟ್ಟಿತು. ಅವರಿಲ್ಲದೆ ನಡೆಯುವುದಿಲ್ಲ.

ಗನ್ ಕೊಂಡು ಮನೆಗೆ ಬಂದ ಮೇಲೆ ಮೊಮ್ಮಗಳು ಹಿತ್ತಲ ಗೋಡೆಗೆ ಟಾರ್ಗೆಟ್ ಅಂಟಿಸಲು ಹೋದಳು. ಇಲ್ಲೂ ಫರಸಿಯೇ. "ನಿಲ್ಲು," ಎಂದು ಒಳಗೆ ಹೋಗಿ ಟ್ರಂಕಿನಿಂದ ಆಯಿಯ ಕೌದಿ ತೆಗೆದೆ. ಮಡಿಸುವಾಗ ಹೊಲಿಗೆಯ ನಡುವೆ ಎಲ್ಲೋ ಗಟ್ಟಿಯಾಗಿ ಬೆರಳಿಗೆ ಹತ್ತಿತು. ಆಯಿ ಎಷ್ಟು ಬಡಿದರೂ ಉದುರದೆ ಉಳಿದ ಛರ್ರಾ. ಬಿಡಿಸಲಿಲ್ಲ. ಹುಲ್ಲಿನ ಚೀಲ ನಿಲ್ಲಿಸಿ, ಅದರ ಮುಂದೆ ನಾಲ್ಕು ಮಡಿಕೆ ಮಾಡಿ ಇಳಿಬಿಟ್ಟೆ. ಅವಳ ಮೂಗಿನ ಮೇಲೆ ಕಣ್ಣು ಕಾಯುವ ಶೂಟಿಂಗ್ ಕನ್ನಡಕ ಸರಿಮಾಡಿದೆ, ನಾನೂ ಒಂದು ಹಾಕಿಕೊಂಡೆ.

"ಅಜ್ಜಿ, ನೀ ಒಳಗ ಹೋಗಿ ಕುಂದ್ರು. ನಿನಗ ಅಂಜಿಕಿ ಆಗ್ತದ."

"ನೀ ಹೊಡಿ," ಎಂದೆ. "ನಾ ನಿನ್ನ ಹಿಂದ ಇರ್ತೀನಿ."