ಎರಡು ಹಡಗುಗಳಲ್ಲಿ ಒಂದು

ಹಡಗನ್ನು ಆರಿಸಿದವಳು ಅವಳೇ. ಆ ಮಾತನ್ನು ಅವಳು ಯಾವತ್ತೂ ಅಲ್ಲಗಳೆಯಲಿಲ್ಲ, ಇನ್ನೊಬ್ಬರ ತಲೆಗೆ ಕಟ್ಟಲೂ ಇಲ್ಲ.

ಅವಳು ನಗರದ ಬಸ್ಸಿನ ಡ್ರೈವರ್. ಡಿಪೋದಲ್ಲಿ ಎಲ್ಲರ ಬಾಯಲ್ಲೂ ಡ್ರೈವರಮ್ಮ. ಅಗಲವಾದ ಮಣಿಕಟ್ಟು, ಗಟ್ಟಿ ಗಂಟಲು, ಅಗತ್ಯಕ್ಕಿಂತ ಒಂದು ಮಾತು ಕಡಿಮೆ ಆಡುವ ಅಭ್ಯಾಸ. ಗಂಡ ಅವಳಿಗೆ ತದ್ವಿರುದ್ಧ. ಮನೆಮನೆಗೆ ನೆಲದ ಟೈಲ್ಸ್ ಕೂರಿಸುವ ಕೆಲಸಗಾರ, ಮಾತಿನ ಮಲ್ಲ. ನೆಲ ಸಮವಾಗಿದೆಯೇ ಎಂದು ನೋಡುವ, ಒಳಗೆ ಗಾಳಿಗುಳ್ಳೆ ಓಡಾಡುವ ರಸಮಟ್ಟ ಸದಾ ಅವನ ಜೇಬಿನಲ್ಲಿರುತ್ತಿತ್ತು. ಅದರಿಂದಲೇ ಅವನಿಗೆ ರಸಮಟ್ಟ ಎಂಬ ಅಡ್ಡಹೆಸರೂ ಅಂಟಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಅದನ್ನು ತೆಗೆದು ಮೇಜಿನ ಮೇಲಿಟ್ಟು, "ನಿಮ್ಮ ಮೇಜು ಸೊಟ್ಟಗಿದೆ ಕಣ್ರೀ. ಅದಕ್ಕೇ ಒಳ್ಳೇದೆಲ್ಲ ನನ್ನ ತಟ್ಟೆ ಕಡೇನೇ ಜಾರಿ ಬರ್ತಿದೆ" ಎನ್ನುತ್ತಿದ್ದ.

ವರ್ಷಗಟ್ಟಲೆ ಕಲ್ಲು, ಟೈಲ್ಸ್ ಕೊಯ್ದ ಧೂಳು ಅವನ ಎದೆಯೊಳಗೆ ಹೋಗಿ ಕೂತಿತ್ತು. ಮೊದಲು ಕೆಮ್ಮು ಬಂತು. ಆಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು. ಕೊನೆಗೆ ಚೀಲದಷ್ಟು ದೊಡ್ಡದೊಂದು ಆಕ್ಸಿಜನ್ ಮೆಷಿನ್ ಅವನ ಪಕ್ಕದಲ್ಲೇ ಗುಂಯ್‌ಗುಡುತ್ತಾ ಮನೆಯ ಐದನೆಯ ಜೀವವಾಯಿತು. ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಅವನ ಎದುರಿಗೇ ಹೇಳಿದ್ದರು.

"ಹಾಗಾದ್ರೆ ಒಂದ್ಸಲ ಹಡಗಲ್ಲಿ ಹೋಗಿ ಬರೋಣ. ಎಲ್ಲರೂ," ಎಂದ ಅವನು, ಆಸ್ಪತ್ರೆಯ ಬಾಗಿಲು ದಾಟುವ ಮುಂಚೆಯೇ.

ಅವಳು ಬೇಡ ಎನ್ನಲಿಲ್ಲ. ಮಗಳು ಕಾಲೇಜಿನ ಹೊಸ್ತಿಲಲ್ಲಿದ್ದಳು, ಮಗ ಇನ್ನೂ ಸಣ್ಣವನು. ನಾಲ್ವರೂ ಒಟ್ಟಿಗೆ ಎಲ್ಲಿಗಾದರೂ ಹೋಗಿದ್ದು ಯಾವಾಗ ಎಂದು ಯಾರಿಗೂ ನೆನಪಿರಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಎರಡು ಹಡಗುಗಳು ಉಳಿದವು. ಒಂದು ದೊಡ್ಡದು, ನೀರಿನ ಮೇಲೆ ತೇಲುವ ಬಡಾವಣೆಯೇ ಸರಿ: ಈಜುಕೊಳಗಳು, ಜಾರುಬಂಡೆ, ಸಿನಿಮಾ. ಅದು ದಡದ ಗುಂಟ ಸಾಗಿ ಬೆಳಗಾದರೆ ಒಂದು ಊರಿನಲ್ಲಿ ನಿಲ್ಲುತ್ತಿತ್ತು, ಸಂಜೆಯಾದರೆ ಹೊರಡುತ್ತಿತ್ತು. ಇನ್ನೊಂದು ಸಣ್ಣದು, ಹಳೆಯದು. ಅದು ನೇರ ನಡುಸಮುದ್ರಕ್ಕೆ ಹೋಗಿ, ದೂರದ ಒಂದು ದ್ವೀಪವನ್ನು ಮುಟ್ಟಿ ಅದೇ ದಾರಿಯಲ್ಲಿ ಮರಳುತ್ತಿತ್ತು. ಹೆಚ್ಚಿನ ದಿನ ಸುತ್ತ ನೀರು ಬಿಟ್ಟರೆ ಬೇರೇನಿಲ್ಲ.

ಮಗನಿಗೆ ದೊಡ್ಡದೇ ಬೇಕಿತ್ತು. ಗಂಡನಿಗೂ ಅಷ್ಟೇ.

"ನಾನು ಹಾಕಿದ ನೆಲದ ಮೇಲೆ ಅರ್ಧ ಊರು ಓಡಾಡ್ತಿದೆ," ಎಂದ ಅವನು. "ಬೇರೆಯವರು ಹಾಕಿರೋ ನೆಲದ ಮೇಲೆ ನಾನೂ ಒಂದ್ಸಲ ಓಡಾಡ್ಬೇಕು. ಆ ಹಳೇ ಊರುಗಳಲ್ಲಿ ಎಂಥೆಂಥ ಕೆಲಸ ಮಾಡಿದಾರೆ ಗೊತ್ತಾ? ಸಾವಿರ ಜನ ತುಳಿದ್ರೂ ಒಂದು ಕಲ್ಲು ಮಿಸುಕಾಡಿಲ್ಲ."

ಗಂಡನ ಅಕ್ಕನ ಮಾತೂ ಅದೇ ಆಗಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಆಕೆ ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. "ದಡ ಹತ್ರ ಇದ್ರೆ ಒಂದು ಧೈರ್ಯ ಕಣೇ," ಎಂದಿದ್ದಳು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆಸ್ಪತ್ರೆ ಅಂತ ಒಂದಿರುತ್ತೆ."

"ಆ ಹಡಗಲ್ಲಿ ದಿನಾ ಹತ್ತಿ ಇಳೀಬೇಕು ಅತ್ತಿಗೆ. ಅವರು ಒಂದು ಕಡೆ ಕೂರೋ ಜೀವ ಅಲ್ಲ," ಎಂದಿದ್ದಳು ಇವಳು.

ಹಾಗಿದ್ದೂ ದೊಡ್ಡ ಹಡಗಿಗೇ ಒಪ್ಪಿಕೊಂಡು ಅವಳು ಗಂಡನ ಜೊತೆ ಟಿಕೆಟ್ ಆಫೀಸಿಗೆ ಹೋದದ್ದು. ಬೀದಿಯಿಂದ ಆಫೀಸಿಗೆ ನಾಲ್ಕಾರು ಮೆಟ್ಟಿಲು. ಅಷ್ಟನ್ನು ಹತ್ತುವಷ್ಟರಲ್ಲಿ ಅವನ ತುಟಿ ನೀಲಿಗಟ್ಟಿತು. ಕೌಂಟರಿನ ಹುಡುಗಿ ಓಡಿಬಂದು ಕುರ್ಚಿ ಎಳೆದು ಕೂರಿಸಿದಳು. ಅವನು ಮಾತಾಡಲಾಗದೆ, ಏನೂ ಆಗಿಲ್ಲ ಎಂಬಂತೆ ಕೈಯಾಡಿಸಿದ. ಕೌಂಟರಿನ ಹಿಂದಿನ ಗೋಡೆಯ ಮೇಲೆ ದೊಡ್ಡ ಹಡಗಿನ ಚಿತ್ರವಿತ್ತು. ಅದರಲ್ಲಿ ಜನ ನಗುನಗುತ್ತಾ ಉದ್ದನೆಯ ಏಣಿಯೊಂದನ್ನು ಇಳಿಯುತ್ತಿದ್ದರು.

"ಯಾವುದು ಮಾಡ್ಲಿ ಮೇಡಂ?" ಎಂದಳು ಹುಡುಗಿ.

"ಸಣ್ಣದು."

ಅವನು ತಲೆಯೆತ್ತಿದ. "ಏನು?"

"ಸಣ್ಣ ಹಡಗು. ಅದರಲ್ಲಿ ಇಳಿಯೋದೂ ಇಲ್ಲ, ಹತ್ತೋದೂ ಇಲ್ಲ."

"ಇದು ಯಾರ ರಜಾ? ನನ್ನದೋ ನಿನ್ನದೋ?"

"ರೀ, ಇಷ್ಟು ಮೆಟ್ಟಿಲಿಗೇ ಹೀಗಾಯ್ತು."

ಅವನು ಹುಡುಗಿಯ ಕಡೆ ತಿರುಗಿ, "ಡ್ರೈವರ್ ಹೇಳಿದ ಮೇಲೆ ಮುಗೀತು ಕಣಮ್ಮ. ನಾವೆಲ್ಲ ಬರೀ ಪ್ಯಾಸೆಂಜರು," ಎಂದ. ಹುಡುಗಿ ನಕ್ಕಳು. ಅವನು ನಗಲಿಲ್ಲ.

ಮೊದಲ ದಿನ ಅವನು ಮುನಿಸಿಕೊಂಡೇ ಇದ್ದ. ಕೋಣೆಯ ಕಿಟಕಿಯ ಬಳಿ ಕೂತು, "ಎಲ್ಲಿ ನೋಡಿದ್ರೂ ನೀರು. ನೆಲಾನೇ ಇಲ್ಲ. ನನ್ನಂಥವನನ್ನ ಕರ್ಕೊಂಡು ಬರೋ ಜಾಗಾನಾ ಇದು?" ಎನ್ನುತ್ತಿದ್ದ. ಮಗನಿಗೂ ನಿರಾಸೆಯೇ, ಇಲ್ಲಿ ಇದ್ದದ್ದು ಒಂದೇ ಒಂದು ಸಣ್ಣ ಈಜುಕೊಳ, ಅದರ ಸುತ್ತ ಕಂಬಳಿ ಹೊದ್ದು ಓದುತ್ತಿದ್ದ ವಯಸ್ಸಾದವರು. ಮಗಳು ಮಾತ್ರ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೇಲಿನ ಅಂಗಳಕ್ಕೆ ತಳ್ಳಿಕೊಂಡು ಹೋಗುತ್ತಿದ್ದಳು. ಎರಡನೆಯ ದಿನ ಅವನು ಜೇಬಿನಿಂದ ರಸಮಟ್ಟ ತೆಗೆದು ಊಟದ ಮೇಜಿನ ಮೇಲಿಟ್ಟ. ಗುಳ್ಳೆ ಈ ಕೊನೆಯಿಂದ ಆ ಕೊನೆಗೆ ಓಡಿತು, ಮತ್ತೆ ಹಿಂದಕ್ಕೆ ಬಂತು.

"ನೋಡ್ರೋ, ಹುಚ್ಚು ಹಿಡೀತು ಇದಕ್ಕೆ!" ಎಂದು ಅವನು ಕೆಮ್ಮು ಬರುವವರೆಗೂ ನಕ್ಕ. ಮಕ್ಕಳೂ ನಕ್ಕರು. ಅವಳಿಗೆ ಹೊತ್ತ ಭಾರವೊಂದನ್ನು ಇಳಿಸಿದಂತಾಯಿತು.

ಮರುದಿನ ಬೆಳಿಗ್ಗೆ, ತಿಂಡಿಯ ನಂತರ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಂತೆಯೇ ಅವನ ತಲೆ ವಾಲಿತು. ಮೆಷಿನ್ ಗುಂಯ್ ಎನ್ನುತ್ತಲೇ ಇತ್ತು. ಅವಳು ಗಂಟೆ ಒತ್ತಿದಳು, ಬಾಗಿಲು ತೆರೆದು ಕೂಗಿದಳು. ಹಡಗಿನ ಡಾಕ್ಟರು, ಮಗಳಿಗಿಂತ ಅಷ್ಟೇನೂ ದೊಡ್ಡವನಲ್ಲದ ಹುಡುಗ, ಅವನನ್ನು ಮಲಗಿಸಿ ಬೆವರು ಹರಿಯುವವರೆಗೂ ಎದೆ ಒತ್ತಿದ. ಆಮೇಲೆ ಕೈ ತೆಗೆದು ಹಿಂದೆ ಸರಿದ.

"ದಡ ಹತ್ರ ಇದ್ದಿದ್ರೆ?" ಎಂದಳು ಅವಳು.

ಅವನು ತಲೆ ತಗ್ಗಿಸಿದ. "ಸ್ವಲ್ಪ ಸಮಯ ಸಿಕ್ತಿತ್ತೇನೋ ಅಮ್ಮ. ಎಷ್ಟು ಅಂತ ನನಗೆ ಗೊತ್ತಿಲ್ಲ. ಸುಳ್ಳು ಹೇಳಲಾರೆ."

ಅವನು ಬೇರೆ ಮಾತು ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಮುರಿದು ಉಳಿಯಿತು.

ಹಡಗಿನ ಅಧಿಕಾರಿಯೊಬ್ಬ ಬಂದು ಟೋಪಿ ತೆಗೆದು ನಿಂತ. ದ್ವೀಪ ಇನ್ನೂ ದೂರವಿತ್ತು. ಅಲ್ಲಿ ಇಳಿಸಿದರೆ ಅಲ್ಲಿನ ಕಚೇರಿಗಳಲ್ಲಿ ಅಲೆಯಬೇಕು, ವಿಮಾನಕ್ಕೆ ಕಾಯಬೇಕು. ಮಕ್ಕಳೊಂದಿಗೆ ಗುರುತಿಲ್ಲದ ಜಾಗ. ಇಲ್ಲವಾದರೆ ಹಡಗಿನ ತಳದಲ್ಲಿ ಇಂಥದಕ್ಕೆಂದೇ ಒಂದು ತಣ್ಣನೆಯ ಕೋಣೆಯಿದೆ. ಪ್ರವಾಸ ಮುಗಿದು ಹೊರಟ ಬಂದರಿಗೆ ಮರಳುವವರೆಗೂ ಅಲ್ಲಿ ಇಡಬಹುದು. ಹಡಗಂತೂ ನಿಲ್ಲುವುದಿಲ್ಲ, ತಿರುಗುವುದೂ ಇಲ್ಲ.

"ಯೋಚನೆ ಮಾಡಿ ಹೇಳಿ," ಎಂದ ಅವನು.

ಅತ್ತ ದರಿ, ಇತ್ತ ಹುಲಿ. ಅವಳು ಮಗಳ ಕಡೆ ನೋಡಿದಳು. ಮಗಳು ಅಪ್ಪನ ಚಪ್ಪಲಿಗಳನ್ನು ಜೋಡಿಸಿ ಇಡುತ್ತಿದ್ದಳು, ಮತ್ತೆ ಎತ್ತಿ ಮತ್ತೆ ಜೋಡಿಸುತ್ತಿದ್ದಳು.

"ನಮ್ಮ ಜೊತೇನೇ ಬರ್ಲಿ," ಎಂದಳು ಅವಳು.

ಹಡಗಿನ ಫೋನಿನಿಂದ ಗಂಡನ ಅಕ್ಕನಿಗೆ ಸುದ್ದಿ ಮುಟ್ಟಿಸಿದಳು. ಆಕೆ ಕೂಗಿಕೊಂಡಳು.

"ಬಡ್ಕೊಂಡೆ ನಾನು, ದಡ ಹತ್ರ ಇರೋ ಹಡಗಲ್ಲಿ ಹೋಗಿ ಅಂತ. ಅವನೂ ಅದನ್ನೇ ಕೇಳಿದ್ದ. ನೀನು ಆರಿಸಿದೆ. ನೀನೇ ಆರಿಸಿದ್ದು!"

"ಹೌದು ಅತ್ತಿಗೆ. ನಾನೇ."

ಆ ತುದಿಯಲ್ಲಿ ಫೋನು ಇಟ್ಟ ಸದ್ದಾಯಿತು.

ಅನಂತರದ ದಿನಗಳು ಹೇಗೆ ಕಳೆದವು ಎಂದರೆ, ಎಂದಿನಂತೆಯೇ ಕಳೆದವು. ಅದೇ ದೊಡ್ಡ ಹಿಂಸೆ. ಸಂಜೆ ಮೇಲೆ ಸಂಗೀತ ನಡೆಯಿತು. ಊಟದ ಮೇಜಿನಲ್ಲಿ ಬಡಿಸುವವನು ಅಭ್ಯಾಸಬಲದಿಂದ ನಾಲ್ಕು ತಟ್ಟೆ ಇಟ್ಟ, ನೆನಪಾಗಿ ಒಂದನ್ನು ಎತ್ತಿಕೊಂಡ, ಎತ್ತಿಕೊಂಡಿದ್ದಕ್ಕೆ ಕ್ಷಮೆ ಕೇಳಿದ. ಜನ ದಾರಿಯಲ್ಲಿ ಸರಿದು ನಿಲ್ಲುತ್ತಿದ್ದರು, ಅವಳು ದಾಟಿದ ಮೇಲೆ ಪಿಸುಗುಟ್ಟುತ್ತಿದ್ದರು. ದ್ವೀಪ ಬಂತು, ಎಲ್ಲರೂ ಟೋಪಿ, ಕ್ಯಾಮೆರಾ ಹಿಡಿದು ಇಳಿದರು. ಅವಳು ಇಳಿಯಲಿಲ್ಲ. ತಣ್ಣನೆಯ ಕೋಣೆಯ ಹೊರಗೆ ಒಬ್ಬ ಕೆಲಸಗಾರ ಅವಳಿಗೊಂದು ಕಬ್ಬಿಣದ ಕುರ್ಚಿ ಹಾಕಿಕೊಟ್ಟಿದ್ದ. ಇಂಜಿನ್ನಿನ ಅದುರು ಅಲ್ಲಿ ಪಾದದಿಂದ ಹತ್ತಿ ಹಲ್ಲಿನವರೆಗೆ ಬರುತ್ತಿತ್ತು. ಅವಳು ಅಲ್ಲಿ ಅಳಲಿಲ್ಲ. ಸುಮ್ಮನೆ ಕೂರುತ್ತಿದ್ದಳು, ಎದ್ದು ಬರುತ್ತಿದ್ದಳು.

ಒಂದು ಮಧ್ಯಾಹ್ನ ಮಗಳು ಕೆಂಡದಂತೆ ಬಂದಳು. "ಅಮ್ಮ, ತಮ್ಮ ಈಜ್ತಾ ಇದಾನೆ. ನಗ್ತಾ ಇದಾನೆ. ಅಪ್ಪ ಕೆಳಗಿದಾರೆ, ಅವನು ನಗ್ತಾ ಇದಾನೆ!"

"ಈಜ್ಲಿ ಬಿಡು."

"ಏನಮ್ಮಾ ನೀನು? ನಿನಗೆ ಏನೂ ಅನ್ಸಲ್ವಾ?"

ಅವಳು ಮಗಳ ಭುಜ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿನ್ನೆಯಿಂದ ಅವನು ಊಟ ಬಿಟ್ಟಿದ್ದ. ಇವತ್ತು ನೀರಿಗಿಳಿದಿದಾನೆ. ನಾನೇ ಹೋಗು ಅಂದೆ. ಬೈಯೋದಿದ್ರೆ ನನ್ನ ಬೈಯಿ."

ಮಗಳು ಬೈಯಲಿಲ್ಲ. ಅಪ್ಪ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು, ತಾಯಿಯ ಅಂಗಿಯ ತೋಳನ್ನು ಹಲ್ಲಲ್ಲಿ ಕಚ್ಚಿಕೊಂಡು.

ಬಂದರಿನಲ್ಲಿ ಎಲ್ಲ ಪ್ರಯಾಣಿಕರೂ ಇಳಿದ ಮೇಲೆ ಕೊನೆಗೆ ಅವನ ದೇಹದ ಜೊತೆ ಅವರನ್ನು ಇಳಿಸಿದರು, ಹಿಂದಿನ ಬಾಗಿಲಿನಿಂದ. ಗಂಡನ ಅಕ್ಕ ಅಲ್ಲೇ ನಿಂತಿದ್ದಳು. ಮಕ್ಕಳನ್ನು ಅಪ್ಪಿಕೊಂಡಳು. ಇವಳ ಕಡೆ ನೋಡಲಿಲ್ಲ. ಅಂತ್ಯಕ್ರಿಯೆಯ ದಿನವೂ ಮಾತಾಡಲಿಲ್ಲ. ಬಂದವರಿಗೆಲ್ಲ, "ದಡವೇ ಇಲ್ಲದ ಕಡೆ ಕರ್ಕೊಂಡು ಹೋದ್ಳು," ಎಂದು ಇವಳಿಗೆ ಕೇಳಿಸುವಂತೆಯೇ ಹೇಳಿದಳು. ಇವಳು ಕೇಳಿಸಿಕೊಂಡಳು. ದೊಡ್ಡ ಹಡಗಿನಲ್ಲಿ ಮೊದಲ ಊರಿನ ಏಣಿಯ ಮೇಲೇ ಅವನು ಕುಸಿಯುತ್ತಿದ್ದನೇ, ಇಲ್ಲ ಎಲ್ಲ ಊರುಗಳ ನೆಲ ನೋಡಿ ಮನೆಗೆ ಬರುತ್ತಿದ್ದನೇ? ಸ್ಟಿಯರಿಂಗ್ ಹಿಡಿದು ಕೂತಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಅವಳು ಎರಡನ್ನೂ ಮತ್ತೆ ಮತ್ತೆ ತೂಗುತ್ತಿದ್ದಳು. ತಕ್ಕಡಿ ಯಾವ ಕಡೆಗೂ ವಾಲುತ್ತಿರಲಿಲ್ಲ.

ತಿಂಗಳುಗಳು ಉರುಳಿದವು. ಒಂದು ದಿನ ಅವಳು ಮಧ್ಯಾಹ್ನದ ಪಾಳಿಗೆ ಹೊರಡುವ ಹೊತ್ತಿಗೆ ಗಂಡನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಸೊರಗಿಹೋಗಿದ್ದಳು. ಒಳಗೆ ಬಂದು, ಕೂತ್ಕೊಳ್ಳಿ ಎನ್ನುವ ಮೊದಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ಒಂದು ಕೇಳ್ಬೇಕಿತ್ತು. ಇಷ್ಟು ದಿನ ಹಟ ಮಾಡ್ದೆ," ಎಂದಳು. "ಕೊನೇಲಿ ಏನಂದ?"

ದೊಡ್ಡದೊಂದು ಮಾತನ್ನು ಕಟ್ಟಿ ಹೇಳಬಹುದಿತ್ತು. ಅಕ್ಕನ ಹೆಸರು ಹಿಡಿದು ಕರೆದ ಎಂದಿದ್ದರೆ ಆಕೆಗೆ ಸಮಾಧಾನವಾಗುತ್ತಿತ್ತು, ಜಗಳವೂ ಅಲ್ಲಿಗೇ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

"ಏನೂ ಅನ್ಲಿಲ್ಲ ಅತ್ತಿಗೆ. ಬಿಸಿಲು ಕಣ್ಣಿಗೆ ಹೊಡೀತಿದೆ, ಪರದೆ ಎಳಿ ಅಂದ್ರು."

"ಅಷ್ಟೇನಾ?"

"ಅಷ್ಟೇ."

"ಎಳೆದ್ಯಾ?"

"ಎಳೆದೆ. ತಿರುಗಿ ನೋಡ್ದೆ. ಹೋಗಿದ್ರು."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಕೆಯ ಬೆನ್ನು ಅಲುಗಾಡಿತು. "ಸಣ್ಣವನಿದ್ದಾಗ್ಲೂ ಅಷ್ಟೇ," ಎಂದಳು ಬಿಕ್ಕುತ್ತಾ, "ಬಿಸಿಲು ಬಿದ್ರೆ ಮಲಗ್ತಾನೇ ಇರ್ಲಿಲ್ಲ, ಶನಿ."

ಇವಳು ಒಂದು ಲೋಟ ನೀರು ಕೊಟ್ಟು ಪಕ್ಕದಲ್ಲಿ ನಿಂತಳು. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ, ಇವಳೂ ಕೇಳಲಿಲ್ಲ. ನೀರು ಕುಡಿದು ಮುಗಿಸಿ ಆಕೆ ಎದ್ದು, ತೊಳೆಯದೆ ಬಿದ್ದಿದ್ದ ಪಾತ್ರೆಗಳ ಕಡೆ ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೀನು ಹೊರಡು. ಹೊತ್ತಾಯ್ತು. ಮಕ್ಕಳು ಬರೋ ತನಕ ನಾನಿರ್ತೀನಿ."